ತೊಟ್ಟಿಕ್ಕುವ ನಲ್ಲಿ

ಗೃಹಕೃತ್ಯದಲ್ಲಿ ದೊಡ್ಡ ನಷ್ಟವು ಎಲ್ಲರ ಕಣ್ಣಿಗೂ ಬೀಳುವುದು. ಚಿಕ್ಕ ನಷ್ಟವು ಕಿವಿಗೆ ಬಿದ್ದರೂ ಮನಸ್ಸಿಗೆ ತಾಕದು. ಅಡಿಗೆಮನೆಯ ನಲ್ಲಿಯಿಂದ ಇರುಳೆಲ್ಲ ತೊಟ್ಟಿಕ್ಕುವ ನೀರು ಈ ಎರಡನೆಯ ಜಾತಿಗೆ ಸೇರಿದುದು. ಗಂಟೆಗೊಂದು ಲೋಟ, ಎಂದರೆ ಕಾಲು ಲೀಟರು ಸೋರಿದರೂ ದಿನಕ್ಕೆ 6 ಲೀಟರು, ವರ್ಷಕ್ಕೆ 2,190 ಲೀಟರು ವ್ಯರ್ಥವಾಗುವುದು. ಬೆಂಗಳೂರಿನ ಗೃಹಸ್ಥರು ಇದನ್ನು ವಿಶೇಷವಾಗಿ ಮನಗಾಣಬೇಕು. 1974ರಿಂದ ಆ ನಗರಕ್ಕೆ ಒದಗುತ್ತಿರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಬಲದಿಂದ ಏರಿ ಬರತಕ್ಕದ್ದು.

ಹನಿ ನಿಲ್ಲದಿದ್ದಾಗ ಹಿಡಿಯನ್ನು ಮತ್ತಷ್ಟು ಬಿಗಿಯುವುದು ಲೋಕರೂಢಿ. ಇದರಿಂದ ಉಪಾಯಕ್ಕಿಂತ ಅಪಾಯವೇ ಹೆಚ್ಚು. ತಿರುಪಿನ ನಲ್ಲಿಯೊಳಗೆ ನೀರು ಬರುವ ರಂಧ್ರದ ಸುತ್ತ ಲೋಹದ ಪೀಠವೊಂದುಂಟು. ಹಿಡಿಯನ್ನು ತಿರುಗಿಸಿದಾಗ ದಂಡವೊಂದು ಕೆಳಗಿಳಿದು, ಅದರ ತುದಿಯಲ್ಲಿರುವ ರಬ್ಬರಿನ ಬಿಲ್ಲೆಯನ್ನು ಪೀಠಕ್ಕೆ ಒತ್ತಿ ನೀರನ್ನು ತಡೆಯುವುದು. ಈ ಬಿಲ್ಲೆಗೇ ವ್ಯವಹಾರದಲ್ಲಿ ವಾಷರು ಎಂದು ಹೆಸರು. ಇದು ಸವೆದರೆ ಅಥವಾ ಗಡುಸಾದರೆ ನೀರು ಸಂದು ಹುಡುಕಿಕೊಳ್ಳುವುದು. ಬಲಪ್ರಯೋಗದಿಂದ ಬಿಲ್ಲೆ ಹರಿದು, ಕಡೆಗೆ ಪೀಠವೂ ಕೆಡುವುದು.

ಬಿಲ್ಲೆಯನ್ನು ಬದಲಾಯಿಸುವ ಕ್ರಮ ಹೀಗಿದೆ. ಮೊದಲು ತೊಟ್ಟಿಯಿಂದ ಬರುವ ನೀರಿನ ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಹರಿಯಬಿಡಬೇಕು. ಕೆಳಗಿನ ತೂಬಿಗೆ ಬಟ್ಟೆ ತುರುಕಿದರೆ ಕಳಚಿದ ತಿರುಪು ಜಾರಿಹೋಗದು. ಅನಂತರ ಹಿಡಿಯನ್ನು ತೆಗೆದು, ಅದರ ಕೆಳಗಿನ ದೊಡ್ಡ ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸತಕ್ಕದ್ದು. ಆಗ ಇನ್ನೊಂದು ಕೈಯಿಂದ ನಲ್ಲಿಯ ಒಡಲನ್ನು ಭದ್ರವಾಗಿ ಹಿಡಿದಿರಬೇಕು. ಇಲ್ಲವಾದರೆ ಗೋಡೆಯೊಳಗಿನ ಕೊಳವೆ ತಿರುಗಿ, ಹನಿಯ ಬಾಧೆ ಹೋಗಿ ಹೊಳೆಯ ಬಾಧೆ ಪ್ರಾಪ್ತವಾದೀತು! ದಂಡವನ್ನು ಹೊರತೆಗೆದ ಮೇಲೆ ಹಳೆಯ ಬಿಲ್ಲೆಯನ್ನು ಅಂಗಡಿಗೆ ಒಯ್ದು, ಅದೇ ಅಳತೆಯದನ್ನು ತರುವುದು ಕ್ಷೇಮ. ಪೀಠವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಅದು ನುಣುಪಾಗಿದ್ದರೆ ಹೊಸ ಬಿಲ್ಲೆ ಸಾಕು; ಗೀರುಬಿದ್ದಿದ್ದರೆ ಪೀಠವನ್ನು ಅರೆಯಿಸಬೇಕು, ಇಲ್ಲವೆ ನಲ್ಲಿಯನ್ನೇ ಬದಲಿಸಬೇಕು. ಕಳಚಿದ ಕ್ರಮಕ್ಕೆ ವಿಲೋಮವಾಗಿ ಎಲ್ಲವನ್ನೂ ಜೋಡಿಸಿ, ವಾಲ್ವನ್ನು ಮೆಲ್ಲಗೆ ತೆರೆಯತಕ್ಕದ್ದು.

ಕಾಲು ಸುತ್ತಿಗೇ ತೆರೆದುಕೊಳ್ಳುವ ಈಗಿನ ನಲ್ಲಿಗಳಲ್ಲಿ ಸಾಮಾನ್ಯವಾಗಿ ಈ ಬಿಲ್ಲೆಯಿರದೆ, ಪಿಂಗಾಣಿಯ ಎರಡು ಫಲಕಗಳಿರುವುವು. ಅವು ಕೆಟ್ಟರೆ ಒಳಗಿನ ಭಾಗವನ್ನು ಇಡಿಯಾಗಿ ಬದಲಿಸುವುದೇ ಮಾರ್ಗ.

ಕೂಲಿಯವನು ದೊರೆಯಲಿಲ್ಲವೆಂದು ವಾರಗಟ್ಟಲೆ ನೀರನ್ನು ಪೋಲುಮಾಡುವುದು ಗೃಹಸ್ಥರಿಗೆ ತಕ್ಕುದಲ್ಲ. ಅರ್ಧ ಗಂಟೆಯ ಈ ಕೆಲಸವನ್ನು ಮನೆಯ ಹುಡುಗರಿಗೂ ಹುಡುಗಿಯರಿಗೂ ಸಮಾನವಾಗಿ ಕಲಿಸಬೇಕೆಂಬುದು ನಮ್ಮ ಅಭಿಮತ.