ಮೂಸಿ ನದಿಯ ಪುನರುಜ್ಜೀವನ: ದಂಡೆಯ ಅಲಂಕಾರವೋ, ಹರಿವಿನ ಮರುಸ್ಥಾಪನೆಯೋ?

ನದಿಯನ್ನು ನೆಚ್ಚಿ ಬೆಳೆದ ನಗರವೇ ಆ ನದಿಯನ್ನು ಚರಂಡಿಯಾಗಿಸುವ ವಿಪರ್ಯಾಸಕ್ಕೆ ಹೈದರಾಬಾದಿನ ಮೂಸಿ ಒಂದು ನಿದರ್ಶನ. ಮುಚುಕುಂದಾ ಎಂಬ ಪ್ರಾಚೀನ ನಾಮವುಳ್ಳ ಈ ನದಿ ಕರ್ನಾಟಕದ ಗಡಿಗೆ ಹೊಂದಿಕೊಂಡ ವಿಕಾರಾಬಾದ್ ಜಿಲ್ಲೆಯ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ, ಹೈದರಾಬಾದನ್ನು ಹಾದು, ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯ ಬಳಿ ಕೃಷ್ಣೆಯನ್ನು ಸೇರುತ್ತದೆ. ಗೋಲ್ಕೊಂಡದ ಕುತುಬ್‌ಶಾಹಿ ಅರಸರು 1578ರಲ್ಲಿ ಇದರ ಮೇಲೆ ಕಟ್ಟಿಸಿದ ಪುರಾನಾಪುಲ್ ಸೇತುವೆ, 1591ರಲ್ಲಿ ಸ್ಥಾಪಿತವಾದ ಹೈದರಾಬಾದ್ ನಗರಕ್ಕಿಂತಲೂ ಹಳೆಯದು.

ಈ ನದಿಯ ಆಧುನಿಕ ಚರಿತ್ರೆ ಒಂದು ದುರಂತದಿಂದ ಆರಂಭವಾಗುತ್ತದೆ. 1908ರ ಸೆಪ್ಟೆಂಬರ್ 28ರಂದು ಉಕ್ಕಿದ ಮೂಸಿ ಸುಮಾರು ಹದಿನೈದು ಸಾವಿರ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜಿಸಲಾಗಿದೆ. ಮರುವರ್ಷ ನಿಜಾಮ್ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಆಹ್ವಾನಿಸಿತು. ನಗರದೊಳಗೆ ಗೋಡೆ ಎತ್ತರಿಸಿದರಷ್ಟೇ ಸಾಲದು, ಪ್ರವಾಹವನ್ನು ಮೇಲ್ಭಾಗದಲ್ಲಿಯೇ ತಡೆಹಿಡಿಯಬೇಕೆಂಬುದು ಅವರ ಸಲಹೆಯ ತಿರುಳು. ಅದರ ಫಲವಾಗಿ ಮೂಸಿಗೆ ಅಡ್ಡಲಾಗಿ ಉಸ್ಮಾನ್‌ಸಾಗರವೂ (1920), ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್‌ಸಾಗರವೂ (1927) ನಿರ್ಮಾಣಗೊಂಡವು. ನಗರದ ಒಳಚರಂಡಿ ಯೋಜನೆಯನ್ನೂ ಅವರು ರೂಪಿಸಿದರು. ನೆರೆಯ ಭೀತಿ ತಗ್ಗಿತು. ಕುಡಿಯುವ ನೀರೂ ದೊರೆಯಿತು.

ಆದರೆ ಜಲಾಶಯಗಳ ಕೆಳಗಿನ ನದಿಪಾತ್ರಕ್ಕೆ ವರ್ಷದ ಬಹುಕಾಲ ಸಹಜವಾದ ಹರಿವು ಇಲ್ಲದಂತಾಯಿತು. ನಗರ ಬೆಳೆದಂತೆ ಆ ಬರಿದಾದ ಪಾತ್ರಕ್ಕೆ ಮನೆಗಳ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಬಂದು ಸೇರಿದವು. ಇಂದು ಬೇಸಗೆಯಲ್ಲಿ ಮೂಸಿಯಲ್ಲಿ ಹರಿಯುವುದು ಬಹುಪಾಲು ನಗರವೇ ಹೊರಚೆಲ್ಲಿದ ನೀರು. ಮಳೆ ಅತಿಯಾದಾಗಲಾದರೋ, 2020ರ ಅಕ್ಟೋಬರ್‌ನಲ್ಲಿ ಆದಂತೆ, ಜಲಾಶಯಗಳ ಬಾಗಿಲು ತೆರೆಯಬೇಕಾಗುತ್ತದೆ. ಪಾತ್ರದಲ್ಲಿ ಮನೆ ಕಟ್ಟಿಕೊಂಡವರು ನೀರಿನಲ್ಲಿ ಸಿಲುಕುತ್ತಾರೆ.

ಇಂತಹ ನದಿಯನ್ನು ಉಳಿಸುವ ಬಗೆ ಯಾವುದು? ಲೋಕದ ಅನುಭವದಲ್ಲಿ ಎರಡು ಹಾದಿಗಳು ಕಾಣುತ್ತವೆ. ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ ಚಂಗ್ಯೆಚೆನ್ ಎಂಬ ತೊರೆಯನ್ನು ಮುಚ್ಚಿದ್ದ ರಸ್ತೆಯನ್ನೂ ಮೇಲ್ಸೇತುವೆಯನ್ನೂ ತೆಗೆದು, 2005ರಲ್ಲಿ ಸುಮಾರು ಆರು ಕಿಲೋಮೀಟರ್ ಉದ್ದದ ಹರಿವನ್ನು ಜನರಿಗೆ ತೆರೆಯಲಾಯಿತು. ನಗರದ ನಡುಭಾಗ ತಂಪಾಯಿತು, ಜನ ನೀರಿನ ಬಳಿಗೆ ಬಂದರು. ಆದರೆ ಅಲ್ಲಿ ಹರಿಯುವುದು ಬಹುಮಟ್ಟಿಗೆ ಹಾನ್ ನದಿಯಿಂದ ಯಂತ್ರಗಳು ಎತ್ತಿ ತಂದ ನೀರು. ಯಂತ್ರ ನಿಂತರೆ ತೊರೆಯೂ ಸೊರಗುತ್ತದೆ. ಜರ್ಮನಿಯ ಮ್ಯೂನಿಕ್ ನಗರ ಬೇರೊಂದು ಹಾದಿ ಹಿಡಿಯಿತು. 2000ದಿಂದ 2011ರವರೆಗೆ ಇಸಾರ್ ನದಿಯ ಎಂಟು ಕಿಲೋಮೀಟರ್ ಉದ್ದಕ್ಕೂ ಗಟ್ಟಿ ದಡಗಳನ್ನು ಸಡಿಲಿಸಿ, ಪಾತ್ರವನ್ನು ಅಗಲಿಸಿ, ಮರಳು-ಕಲ್ಲುಗಳ ದಿಣ್ಣೆಗಳನ್ನು ನದಿಯೇ ರೂಪಿಸಿಕೊಳ್ಳಲು ಬಿಡಲಾಯಿತು. ಸಿಂಗಪುರದ ಬಿಶಾನ್ ಉದ್ಯಾನದಲ್ಲಿಯೂ 2.7 ಕಿಲೋಮೀಟರ್ ಉದ್ದದ ನೇರವಾದ ಕಾಂಕ್ರೀಟ್ ಕಾಲುವೆ, 2012ರ ವೇಳೆಗೆ 3.2 ಕಿಲೋಮೀಟರ್ ಉದ್ದ ಬಳಸಿ ಹರಿಯುವ ಹೊಳೆಯಾಯಿತು. ಅಲ್ಲಿ ದಡವನ್ನು ಹಿಡಿದಿರುವುದು ಕಲ್ಲು ಮತ್ತು ಗಿಡಗಳ ಬೇರು. ಮಳೆಯಲ್ಲಿ ಉದ್ಯಾನವೇ ನೆರೆಯ ಬಯಲಾಗಿ ನೀರನ್ನು ತಡೆದಿರಿಸಿಕೊಳ್ಳುತ್ತದೆ.

ಪರಿಸರಸ್ನೇಹಿ ವಿನ್ಯಾಸದ ತತ್ತ್ವವಿರುವುದು ಈ ವ್ಯತ್ಯಾಸದಲ್ಲಿ. ಕಾಲುವೆಗೆ ಒಂದೇ ಕೆಲಸ: ನೀರನ್ನು ಬೇಗ ಸಾಗಿಸುವುದು. ಹೊಳೆಗೆ ತಿರುವು ಉಂಟು, ಮಡು ಉಂಟು, ಮರಳದಿಣ್ಣೆ ಉಂಟು, ಜೌಗು ಉಂಟು. ಕನ್ನಡದ ಈ ಒಂದೊಂದು ಪದವೂ ಒಂದೊಂದು ಕಾರ್ಯವನ್ನು ಹೆಸರಿಸುತ್ತದೆ. ತಿರುವು ವೇಗವನ್ನು ತಗ್ಗಿಸುತ್ತದೆ. ಮಡು ಬೇಸಗೆಯಲ್ಲಿ ಮೀನುಗಳನ್ನು ಕಾಪಾಡುತ್ತದೆ. ಜೌಗಿನಲ್ಲಿ ಬೆಳೆದ ಜೊಂಡಿನ ಬೇರುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಕೊಳೆಯನ್ನು ವಿಭಜಿಸುತ್ತವೆ. ಆದರೆ ಜೊಂಡಿಗೂ ಮಿತಿಯಿದೆ. ಭಾರಲೋಹ ಮತ್ತು ಔಷಧ ತಯಾರಿಕೆಯ ರಾಸಾಯನಿಕಗಳನ್ನು ಅದರ ಪಾಲಿಗೆ ಬಿಡುವಂತಿಲ್ಲ. ಅವನ್ನು ಕಾರ್ಖಾನೆಯ ಬಾಗಿಲಲ್ಲಿಯೇ ತಡೆಯಬೇಕು.

ಆದುದರಿಂದ ಮೂಸಿಯ ವಿಷಯದಲ್ಲಿ ಕಾರ್ಯಗಳ ಅನುಕ್ರಮ ಮುಖ್ಯ. ಮೊದಲು ಪ್ರತಿ ನಾಲಾ ನದಿಯನ್ನು ಸೇರುವ ಮುನ್ನ ಅದರ ನೀರು ಶುದ್ಧಗೊಳ್ಳಬೇಕು. ಬಳಿಕ ಜಲಾಶಯಗಳಿಂದ ಬೇಸಗೆಯಲ್ಲಿಯೂ ಕನಿಷ್ಠ ಹರಿವು ದೊರೆಯಬೇಕು. ಅದಕ್ಕೆ ಜಲಾನಯನ ಪ್ರದೇಶ ಉಳಿದಿರಬೇಕು. 1996ರ 111ನೆಯ ಸರ್ಕಾರಿ ಆದೇಶ ಎರಡೂ ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಟ್ಟಡ-ಕೈಗಾರಿಕೆಗಳಿಗೆ ನಿರ್ಬಂಧ ವಿಧಿಸಿತ್ತು. 2022ರಲ್ಲಿ ಆ ನಿರ್ಬಂಧಗಳನ್ನು ತೆಗೆಯುವ ಆದೇಶ ಹೊರಟಿತು. ಮೇಲ್ಭಾಗದ ನೆಲ ಕಟ್ಟಡಗಳಿಂದ ಮುಚ್ಚಿಹೋದರೆ ಕೆಳಗಿನ ದಂಡೆ ಎಷ್ಟು ಸುಂದರವಾದರೂ ನದಿಗೆ ನೀರು ಬಾರದು. ದಂಡೆಯ ಉದ್ಯಾನ, ಕಾಲುದಾರಿ, ದೀಪಗಳು ಇವೆಲ್ಲದರ ಅನಂತರದವು.

ಇನ್ನೊಂದು ಪ್ರಶ್ನೆ ಮನುಷ್ಯರದು. 2024ರಲ್ಲಿ ನದಿಪಾತ್ರದ ಮನೆಗಳನ್ನು ಗುರುತಿಸಿ ತೆರವುಗೊಳಿಸುವ ಕಾರ್ಯ ತೊಡಗಿದಾಗ ನಿವಾಸಿಗಳಿಂದ ತೀವ್ರ ವಿರೋಧ ವ್ಯಕ್ತವಾಯಿತು. ನೆರೆಯ ಪಾತ್ರದಲ್ಲಿ ವಾಸ ಅಪಾಯಕರವೆಂಬುದು ನಿಜ. ಕೂಲಿಯ ನೆಲೆಯಿಂದ ದೂರ ಒಯ್ದರೆ ಬದುಕು ಕೆಡುವುದೂ ಅಷ್ಟೇ ನಿಜ. ನಗರದ ಕೆಳಗಿನ ಊರುಗಳಲ್ಲಿ ಇದೇ ಕೊಳಚೆ ನೀರಿನಿಂದ ಎಮ್ಮೆಗಳಿಗೆ ಮೇವಿನ ಹುಲ್ಲನ್ನೂ ಭತ್ತವನ್ನೂ ಬೆಳೆಯುವ ರೈತರಿದ್ದಾರೆ. ನೀರು ಶುದ್ಧವಾದರೆ ಅವರ ಆರೋಗ್ಯಕ್ಕೆ ಹಿತ. ನೀರೇ ಬೇರೆಡೆಗೆ ತಿರುಗಿದರೆ ಅವರ ಹೊಲ ಒಣಗುತ್ತದೆ. ಹೀಗಾಗಿ ಯೋಜನೆಯ ಕರಡು ಸಿದ್ಧವಾಗುವಾಗಲೇ ಇವರೆಲ್ಲರ ಮಾತಿಗೆ ಎಡೆ ಇರಬೇಕಾಗುತ್ತದೆ.

ವಿಶ್ವೇಶ್ವರಯ್ಯನವರ ಕಾಲದ ಪ್ರಶ್ನೆ ನದಿಯಿಂದ ನಗರವನ್ನು ರಕ್ಷಿಸುವುದು. ಇಂದು ನಗರದಿಂದ ನದಿಯನ್ನೂ ರಕ್ಷಿಸಬೇಕಾಗಿದೆ. ಅಂದು ಅವರು ದೃಷ್ಟಿ ಹರಿಸಿದ್ದು ನಗರದ ಗೋಡೆಗಳಾಚೆಗಿನ ಇಡೀ ಜಲಾನಯನದ ಕಡೆಗೆ. ಪುರಾನಾಪುಲಿನ ಕಮಾನುಗಳ ಕೆಳಗೆ ಮತ್ತೆ ತಿಳಿನೀರು ಹರಿಯಬೇಕಾದರೆ ಇಂದಿನ ಯೋಜಕರ ದೃಷ್ಟಿಯೂ ಅನಂತಗಿರಿಯವರೆಗೆ ಹೋಗಬೇಕು.