ಫೈಲ್ ಓಡಿಸೋರಿಗೆ ಸರ್ಕಾರವೇ ದುಡ್ಡು ಕೊಡುತ್ತೆ, ನೀವ್ಯಾಕೆ ಕೊಡ್ತೀರಿ?

ಬಜೆಟ್ ದಿನ ಸ್ಟುಡಿಯೋದಲ್ಲಿ ಕೂತು ‘ಸಣ್ಣ ಉದ್ಯಮಿಗಳಿಗೆ ಬಂಪರ್’ ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳಿದ ಒಂದು ಸಂಜೆ ಹಾವೇರಿ ಜಿಲ್ಲೆಯಿಂದ ಒಬ್ಬ ಹೆಣ್ಣುಮಗಳು ಚಾನೆಲ್‌ಗೆ ಫೋನ್ ಮಾಡಿದ್ರು. ‘ಅಣ್ಣಾರ, ಆ ಬಂಪರ್ ಎಲ್ಲಿ ಸಿಗ್ತದ್ರೀ? ಅಡ್ರೆಸ್ ಹೇಳ್ರಿ’ ಅಂದ್ರು. ವ್ಯಂಗ್ಯ ಅಲ್ಲ, ನಿಜವಾಗಿಯೂ ಅಡ್ರೆಸ್ ಕೇಳ್ತಿದ್ರು. ನನ್ನ ಹತ್ರ ಇರಲಿಲ್ಲ.

ಅವರದ್ದು ಖಡಕ್ ರೊಟ್ಟಿ ವ್ಯಾಪಾರ. ಇನ್ನಿಬ್ಬರನ್ನು ಜೊತೆಗಿಟ್ಟುಕೊಂಡು ಕೈಯಲ್ಲೇ ಬಡಿದು ಹುಬ್ಬಳ್ಳಿಯ ಖಾನಾವಳಿಗಳಿಗೆ ಕಳಿಸ್ತಾರೆ. ಆರ್ಡರ್ ಇದೆ, ಕೈ ಸಾಲದು, ರೊಟ್ಟಿ ಮಷಿನ್ ಬೇಕು. ಊರಿನ ಏಜೆಂಟ್ ಒಬ್ಬ ಉದ್ಯಮ್ ನೋಂದಣಿ ಮಾಡಿಸ್ತೀನಿ ಅಂತ ಮೂರು ಸಾವಿರ ತಗೊಂಡಿದ್ದ. ಮುಂದೆ ಸಬ್ಸಿಡಿ ಬಂದ್ರೆ ಅದರಲ್ಲೂ ಅವನಿಗೆ ಪಾಲು ಕೊಡಬೇಕಂತೆ. ವೀಕ್ಷಕರೇ, ಉದ್ಯಮ್ ನೋಂದಣಿಗೆ ಸರ್ಕಾರದ ಶುಲ್ಕ ಸೊನ್ನೆ. ಆಧಾರ್, ಪ್ಯಾನ್ ಹಿಡಿದು ಕೂತ್ರೆ ಮೊಬೈಲಲ್ಲೇ ಆಗೋ ಕೆಲಸ.

ಆ ಫೋನ್ ಆದ ಮೇಲೆ ನಾನು ಕೂತು ಓದಿದೆ. ಇಂಥವರಿಗಾಗಿಯೇ 2020ರಲ್ಲಿ ಬಂದ ಕೇಂದ್ರದ ಯೋಜನೆ ಪಿಎಂಎಫ್‌ಎಂಇ, ಅಂದರೆ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ನಿಯಮಬದ್ಧಗೊಳಿಸುವಿಕೆ ಯೋಜನೆ. (ಈ ಹೆಸರಿಗೆ ಟೆಲಿಪ್ರಾಂಪ್ಟರಲ್ಲಿ ಎರಡು ಸಾಲು ಬೇಕು. ರೊಟ್ಟಿ ಬಡಿಯೋರ ನೆನಪಲ್ಲಿ ಇದು ಉಳಿಯೋದು ಹೇಗೆ?) ರೊಟ್ಟಿ, ಹಪ್ಪಳ, ಬೆಲ್ಲ, ಎಣ್ಣೆ ಗಾಣ, ಚಟ್ನಿಪುಡಿ, ಇಂಥ ಘಟಕಗಳಿಗೆ ಕೇಂದ್ರ ಶೇ. 35 ಸಹಾಯಧನ ಕೊಡುತ್ತೆ. ಕರ್ನಾಟಕ ಅದಕ್ಕೆ ತನ್ನ ಶೇ. 15 ಸೇರಿಸುತ್ತೆ. ಒಟ್ಟು ಅರ್ಧ, ಗರಿಷ್ಠ 15 ಲಕ್ಷ. 4 ಲಕ್ಷದ ಘಟಕಕ್ಕೆ 2 ಲಕ್ಷ ಸಹಾಯಧನ, ಕೈಯಿಂದ ಹಾಕಬೇಕಾದ್ದು ಕನಿಷ್ಠ ಶೇ. 10, ಅಂದರೆ 40 ಸಾವಿರ. ಆದ್ರೆ ಸಹಾಯಧನ ಕೈಗೆ ಬರಲ್ಲ. ಬ್ಯಾಂಕಲ್ಲೇ ಸಾಲಕ್ಕೆ ಜೋಡಿಸಿ ಇಡ್ತಾರೆ. ಮೂರು ವರ್ಷ ಘಟಕ ನಡೆದು, ಕಂತು ಸರಿಯಾಗಿ ಕಟ್ಟಿದ್ರೆ ಸಾಲಕ್ಕೆ ಜಮಾ. ‘ಸರ್ಕಾರ ಎರಡು ಲಕ್ಷ ಕೊಡುತ್ತೆ’ ಅಂತ ಸ್ಕ್ರೀನ್ ಮೇಲೆ ದಪ್ಪ ಅಕ್ಷರ ಹಾಕುವ ನಾವು ಇದನ್ನ ಹೇಳೋದೇ ಇಲ್ಲ.

ನನಗೆ ಅಚ್ಚರಿಯಾಗಿದ್ದು ಇನ್ನೊಂದು ಸಂಗತಿ. ಅರ್ಜಿ ತುಂಬಿಸಿ, ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿ, ಬ್ಯಾಂಕಿಗೆ ಓಡಾಡಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ತನಕ ಜೊತೆಗಿರೋಕೆ ಅಂತ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಒಬ್ಬರಿರ್ತಾರೆ. ಒಂದು ಸಾಲ ಮಂಜೂರಾದ್ರೆ ಅವರಿಗೆ 20 ಸಾವಿರ ರೂಪಾಯಿ ಅಂತ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಅರ್ಧ ಸಾಲ ಮಂಜೂರಾದಾಗ, ಉಳಿದರ್ಧ ನೋಂದಣಿ, ತರಬೇತಿ ಎಲ್ಲ ಮುಗಿದ ಮೇಲೆ. ಕೊಡೋದು ಸರ್ಕಾರ. ನೀವು ಒಂದು ರೂಪಾಯಿಯೂ ಕೊಡಬೇಕಿಲ್ಲ. ಅಂದರೆ ಏಜೆಂಟ್ ಪಾಲು ಕೇಳ್ತಿದ್ದ ಕೆಲಸಕ್ಕೆ ಸರ್ಕಾರವೇ ಆಗಲೇ ಜನ ಇಟ್ಟಿದೆ! ಅವರ ಹೆಸರು ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಿಗುತ್ತೆ. ರಾಜ್ಯಮಟ್ಟದಲ್ಲಿ ಇದನ್ನ ನೋಡಿಕೊಳ್ಳೋದು ಕೆಪೆಕ್ ಅನ್ನೋ ನಿಗಮ.

ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬಲ್ಲಿ ಎರಡು ಬೋರ್ಡೂ ಸರಿಯಿದ್ದು, ನಡುವಿನ ವೈರ್ ಸಡಿಲವಾಗಿ ಇಡೀ ದಿನ ಹಾಳಾಗಿದ್ದು ನೆನಪಿದೆ. ಇಲ್ಲೂ ಹಾಗೇ. ಮತ್ತೆ, ಸಾಲ ಆದ್ರೆ ಮಾತ್ರ ದುಡ್ಡು ಅನ್ನೋ ಪದ್ಧತಿಗೂ ಒಂದು ತೊಡಕಿದೆ ಅನ್ನೋದು ನನ್ನ ಅನುಮಾನ. ಕಾಗದಪತ್ರ ನೆಟ್ಟಗಿರೋರ ಮನೆಗೆ ಸಂಪನ್ಮೂಲ ವ್ಯಕ್ತಿ ಮೊದಲು ಹೋಗ್ತಾರೆ, ಇಲ್ಲದವರ ಮನೆಗೆ ಕೊನೆಗೆ.

ಈ ನಡುವಿನ ವೈರನ್ನ ಗಟ್ಟಿ ಮಾಡೋದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್ ಸೇರಿ ರುಡ್‌ಸೆಟ್ ಶುರು ಮಾಡಿದ್ವು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಅದೇ ಮಾದರಿಯಲ್ಲಿ ಇವತ್ತು ದೇಶದ ಬೇರೆ ಬೇರೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ನಡೆಸ್ತಿವೆ. ತರಬೇತಿ ಮುಗಿಸಿ ಹೋದವರನ್ನ ಆಮೇಲೂ ಎರಡು ವರ್ಷ ಬಿಡದೆ ವಿಚಾರಿಸ್ತಾರೆ. ಕೈ ಹಿಡಿಯೋದು ಅಂದ್ರೆ ಅದು. ಫಲಾನುಭವಿಗೆ ಚೆಕ್ ಕೊಡುವ ಫೋಟೋ ಅಲ್ಲ.

ಹಾವೇರಿಯ ಆ ತಾಯಿಗೆ ಮಾರನೇ ವಾರ ಸಂಪನ್ಮೂಲ ವ್ಯಕ್ತಿಯ ನಂಬರ್ ಹುಡುಕಿ ಕೊಟ್ಟೆ. ಮೊನ್ನೆ ಮತ್ತೆ ಫೋನ್ ಮಾಡಿದ್ರು. ಅರ್ಜಿ ಹೋಗಿದೆ, ಮಷಿನಿನ ಕೊಟೇಶನ್ನೂ ಬಂದಿದೆ. ರೊಟ್ಟಿ ಮಾಡೋ ಶೆಡ್ ಮಾತ್ರ ಮಾವನ ಹೆಸರಲ್ಲಿದೆ, ಬ್ಯಾಂಕಿನವರು ಬಾಡಿಗೆ ಕರಾರು ಕೇಳ್ತಿದ್ದಾರಂತೆ. ‘ಮಾವಾರು ಸಹಿ ಹಾಕಾಕ ಅಂಜಾಕತ್ತಾರ್ರೀ, ಮನೀ ಹೋಗ್ತದ ಅಂತಾರ. ನೀವ ಒಂದೀಟು ಹೇಳ್ರಿ ಅಣ್ಣಾರ’ ಅಂತ ಫೋನನ್ನ ಅವರ ಕೈಗೆ ಕೊಟ್ರು.