ಜ್ವರದ ಎರಡನೇ ದಿನವೇ ವೈಡಾಲ್ ಪರೀಕ್ಷೆ ಏಕೆ?

ಗೆಂಡೆಹಳ್ಳಿಯಂತಹ ಊರಿನಿಂದ ಜ್ವರದ ಮಗುವನ್ನು ಎತ್ತಿಕೊಂಡು ಬೇಲೂರಿಗೋ ಹಾಸನಕ್ಕೋ ಬಸ್ಸು ಹತ್ತುವ ತಾಯಿಗೆ ಆ ದಿನದ ಕೂಲಿ ಹೋದಂತೆಯೇ. ಅಷ್ಟು ದೂರ ಬಂದ ಮೇಲೆ 'ರಕ್ತ ಪರೀಕ್ಷೆ ಬರೆದುಕೊಡಿ ಡಾಕ್ಟ್ರೇ' ಎಂದು ಆಕೆಯೇ ಕೇಳುವುದುಂಟು. ಬರೆದುಕೊಡದ ವೈದ್ಯರು ಕೈಗುಣವಿಲ್ಲದವರು ಎನ್ನಿಸಿಕೊಳ್ಳುತ್ತಾರೆ! ಹೀಗೆ ಬರೆಸಿಕೊಳ್ಳುವ ಪರೀಕ್ಷೆಗಳಲ್ಲಿ ವೈಡಾಲ್ ಒಂದು.

ವಿಷಮಶೀತ ಜ್ವರ, ಅಂದರೆ ಟೈಫಾಯಿಡ್ ಪತ್ತೆಗೆಂದು 1896ರಲ್ಲಿ ಫ್ರಾನ್ಸಿನ ವೈದ್ಯ ಫೆರ್ನಾಂಡ್ ವಿಡಾಲ್ ರೂಪಿಸಿದ ಪರೀಕ್ಷೆ ಇದು. ಇದು ರೋಗಾಣುವನ್ನು ಹುಡುಕುವುದಿಲ್ಲ. ಅದರ ವಿರುದ್ಧ ಶರೀರ ತಯಾರಿಸುವ ಪ್ರತಿಕಾಯಗಳನ್ನು ಅಳೆಯುತ್ತದೆ. ಅವು ಸಾಕಷ್ಟು ಪ್ರಮಾಣಕ್ಕೆ ಏರಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಎರಡನೇ ದಿನದ ವರದಿ 'ಇಲ್ಲ' ಎಂದರೂ ಟೈಫಾಯಿಡ್ ಇರಬಹುದು. 'ಇದೆ' ಎಂದರೂ ಇಲ್ಲದಿರಬಹುದು. ಹಿಂದೆಂದೋ ಬಂದುಹೋದ ಟೈಫಾಯಿಡ್, ಹಾಕಿಸಿಕೊಂಡ ಲಸಿಕೆ, ಕೆಲವೊಮ್ಮೆ ಮಲೇರಿಯಾದಂತಹ ಬೇರೆ ಜ್ವರ ಕೂಡ ಹಾಗೆ ತೋರಿಸಬಲ್ಲವು.

ಅಂತಹ ಒಂದು ಚೀಟಿಯನ್ನು ನಂಬಿದರೆ ಆಗುವುದೇನು? ಬೇಡದ ಆಂಟಿಬಯಾಟಿಕ್ ಹೊಟ್ಟೆಗೆ ಹೋಗುತ್ತದೆ, ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ನಿಜವಾದ ಕಾರಣ ಡೆಂಗ್ಯೂವೋ ಇಲಿಜ್ವರವೋ ಆಗಿದ್ದರೆ ಅದು ಕಣ್ತಪ್ಪುತ್ತದೆ. ಹಣ ಹೋಗುವುದಕ್ಕಿಂತ ಇದು ದೊಡ್ಡ ನಷ್ಟ.

ಹಾಗೆಂದು ಪರೀಕ್ಷೆಯೇ ಬೇಡವೆಂದಲ್ಲ. ಮಲೇರಿಯಾದ ಶಂಕೆಯಿದ್ದರೆ ರಕ್ತಲೇಪನ ಪರೀಕ್ಷೆಯನ್ನು ಮೊದಲ ದಿನವೇ ಮಾಡಿಸಬೇಕು. ಡೆಂಗ್ಯೂವಿನ ಎನ್ಎಸ್1 ಪರೀಕ್ಷೆ ಉಪಯೋಗಕ್ಕೆ ಬರುವುದು ಜ್ವರದ ಮೊದಲ ಐದು ದಿನಗಳಲ್ಲಿ. ಟೈಫಾಯಿಡ್ ಶಂಕೆಯಿದ್ದಾಗ ಮೊದಲ ವಾರದಲ್ಲಿ, ಆಂಟಿಬಯಾಟಿಕ್ ಆರಂಭಿಸುವ ಮುನ್ನ ರಕ್ತದ ಕಲ್ಚರ್ ಮಾಡಿಸುವುದು ಹೆಚ್ಚು ನಂಬಲರ್ಹ. ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕು, ಎಲ್ಲ ಕಡೆ ಸೌಲಭ್ಯವೂ ಇಲ್ಲ, ನಿಜ.

ಒಂದೇ ಸಲಕ್ಕೆ ಇಪ್ಪತ್ತು ಪರೀಕ್ಷೆ ಮಾಡಿಸುವ 'ಪ್ಯಾಕೇಜ್'ಗಳದ್ದು ಇನ್ನೊಂದು ಕಥೆ. ಸಾಮಾನ್ಯವಾಗಿ, ನೂರು ಆರೋಗ್ಯವಂತರಲ್ಲಿ ತೊಂಬತ್ತೈದು ಮಂದಿಯ ಅಂಕಿ ಒಳಗೆ ಬರುವಂತೆ 'ನಾರ್ಮಲ್' ಮಿತಿಯನ್ನು ಗೊತ್ತುಮಾಡಿರುತ್ತಾರೆ. ಉಳಿದ ಐವರೂ ಆರೋಗ್ಯವಂತರೇ. ಲೆಕ್ಕ ಹಾಕಿದರೆ, ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳಲ್ಲಿ ಒಂದಾದರೂ ಮಿತಿ ಮೀರುವ ಸಂಭವ ಶೇಕಡಾ 64. ಆ ಒಂದು ಅಂಕಿಯ ಬೆನ್ನು ಹತ್ತಿ ಸ್ಕ್ಯಾನಿಂಗ್‌ವರೆಗೆ ಹೋದವರಿದ್ದಾರೆ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಜ್ವರ ಶುರುವಾದ ದಿನಾಂಕವನ್ನು ಬರೆದುಕೊಳ್ಳಿ. ಹಳೆಯ ವರದಿಗಳನ್ನೂ ಈಗಾಗಲೇ ತೆಗೆದುಕೊಂಡ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. 'ಈ ಪರೀಕ್ಷೆಯಿಂದ ಚಿಕಿತ್ಸೆ ಏನಾದರೂ ಬದಲಾಗುತ್ತದೆಯೇ?' ಎಂದು ವೈದ್ಯರನ್ನು ವಿನಯದಿಂದ ಕೇಳಿ. ಆದರೆ ಉಸಿರಾಟದ ತೊಂದರೆ, ಫಿಟ್ಸ್, ಮಂಪರು, ರಕ್ತಸ್ರಾವ ಇದ್ದರೆ ಪ್ರಶ್ನೆ ಕೇಳುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.